ಮೂಳೆಯೊಳಗೆ ಕೂತಿದ್ದ ಕೊಲೆಗಾರ

ಕನ್ನಡಿಯಲ್ಲಿ ಆ ಬಿಳಿ ಕಾರು ಮತ್ತೆ ಕಾಣಿಸಿತು!

ಆಕ್ಸಿಲರೇಟರ್ ಮೇಲೆ ಕಾಲೂರಿದೆ. ಲಾಂಡ್ರಿ ವ್ಯಾನು ಮುದಿ ಕೋಣದ ಹಾಗೆ ಗುಟುರು ಹಾಕಿ ಮುನ್ನುಗ್ಗಿತು. ಇಂಥ ಡಕೋಟಾ ಗಾಡಿಯನ್ನು ಇಂಥ ವೇಗಕ್ಕೆ ಏರಿಸಬಲ್ಲವರು ಭೂಮಿಯ ಮೇಲೆ ಇಬ್ಬರೇ. ಇನ್ನೊಬ್ಬ ಸತ್ತ... ಅದೂ ಗಾಡಿ ಓಡಿಸುವಾಗಲೇ.

ಹಿಂದೆ, ಆಸ್ಪತ್ರೆಯ ಕೊಳೆ ಬಟ್ಟೆಯ ಮೂಟೆಗಳ ನಡುವೆ, ನನ್ನ ತಂಗಿಯ ಗಂಡ ಮಲಗಿದ್ದ. ಎರಡೂ ತೊಡೆಮೂಳೆ ಮುರಿದುಕೊಂಡು.

"ಭಾವ, ಗಟ್ಟಿಯಾಗಿ ಹಿಡ್ಕೋ. ಮುಂದೆ ಹಂಪ್ ಇದೆ," ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನೋಡಿದ ಅಂದರೆ... ಬಸ್‌ಸ್ಟಾಪಿನಲ್ಲಿ ಪಕ್ಕ ನಿಂತವನನ್ನು ನೋಡುವ ಹಾಗೆ.

"ಯಾರಪ್ಪಾ ನೀನು?" ಎಂದ.



ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಭಯವೆಂದರೇನೆಂದು ಗೊತ್ತಿಲ್ಲ. ಪಿಸ್ತೂಲಿನ ಬಾಯಿಗೆ ಬೆರಳು ತುರುಕಿ ಕೆಮ್ಮಿಸಿದವನು ನಾನು. ನನ್ನ ಹೆಸರು ಕೇಳಿದರೆ ಜೈಲಿನ ಗೋಡೆಗಳೂ ನೆಟ್ಟಗೆ ನಿಲ್ಲುತ್ತವೆ. ಆದರೆ ಆ ಕ್ಷಣದಲ್ಲಿ ಸ್ಟೀರಿಂಗ್ ಮೇಲಿದ್ದ ನನ್ನ ಕೈ ಗಡಗಡ ನಡುಗುತ್ತಿತ್ತು.

ರಸ್ತೆ ಸರಿ ಇರಲಿಲ್ಲ ಅಂದುಕೊಳ್ಳಿ.

ನನ್ನ ಕಸುಬು ಏನೆಂದು ಕೇಳುತ್ತೀರಾ? ಕಾಣೆಯಾದವರನ್ನು ಹುಡುಕುವುದು. ಕಾಣಿಸಬಾರದವರನ್ನು ಬಚ್ಚಿಡುವುದು. ಭಾವನ ಕಸುಬು ಬೇರೆ. ಅವನು ಕ್ರೇನ್ ಆಪರೇಟರ್. ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ ಹಕ್ಕಿಯ ಹಾಗೆ ಕೂತು ಕಬ್ಬಿಣ ಎತ್ತುವವನು. ಅಷ್ಟು ಎತ್ತರದಲ್ಲಿ ಕೂತವನನ್ನು ಕೆಳಗಿನವರು ಮರೆತೇಬಿಡುತ್ತಾರೆ. ಅವನ ಗುತ್ತಿಗೆದಾರನೂ ಮರೆತ. ಹಾಡಹಗಲೇ ಸೈಟ್ ಇಂಜಿನಿಯರನ್ನು ಪಾಯದ ಗುಂಡಿಗೆ ನೂಕಿಸಿ, ಮೇಲೆ ಕಾಂಕ್ರೀಟ್ ಸುರಿಸಿದ. ಕಬ್ಬಿಣದಲ್ಲಿ ಕಳ್ಳತನ ನಡೆದಿದೆ ಎಂದು ಆ ಬಡಪಾಯಿ ಇಂಜಿನಿಯರು ಬಾಯಿಬಿಟ್ಟಿದ್ದೇ ತಪ್ಪು!

ಭಾವ ಮೇಲಿನಿಂದ ಎಲ್ಲ ನೋಡಿದ. ಕೆಳಗಿಳಿದು ಪೊಲೀಸರಿಗೆ ಫೋನ್ ಮಾಡಿ ಗೇಟಿನ ಹೊರಗೆ ಕಾಲಿಟ್ಟನೋ ಇಲ್ಲವೋ, ಒಂದು ಟಿಪ್ಪರ್ ಲಾರಿ ರಿವರ್ಸ್ ಬಂದು ಅವನ ಎರಡೂ ಕಾಲುಗಳನ್ನು ಗೋಡೆಗೆ ಒತ್ತಿತು.

ಬದುಕಿದ. ಅಷ್ಟೇ ಅಲ್ಲ, ಆಸ್ಪತ್ರೆಯ ಮಂಚದ ಮೇಲೂ ಅವನ ನಾಲಿಗೆ ಸುಮ್ಮನಿರಲಿಲ್ಲ. ಅವನು ನನಗೆ ಭಾವ, ನಾನು ಅವನಿಗೆ ಭಾವ. ಇಬ್ಬರಲ್ಲಿ ಯಾರು ಯಾರನ್ನು ಕರೆದರು ಎಂದು ನರ್ಸಮ್ಮ ತಬ್ಬಿಬ್ಬಾಗುತ್ತಿದ್ದರೆ, "ಸುಂದರವಾಗಿರೋ ಭಾವ ನಾನು ಸಿಸ್ಟರ್, ಬಾಗಿಲಿಗೆ ಅಡ್ಡ ನಿಂತಿರೋದು ಇನ್ನೊಂದು," ಎಂದು ನಗಿಸಿದ. ತಲೆಯ ಸ್ಕ್ಯಾನ್ ಕ್ಲೀನ್ ಇತ್ತು. ಮುರಿದ ಕಾಲುಗಳಿಗೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ತೂಕದ ಬಟ್ಟುಗಳನ್ನು ಇಳಿಬಿಟ್ಟಿದ್ದರು. ಮ್ಯಾಜಿಸ್ಟ್ರೇಟರು ಮಂಚದ ಬಳಿಗೇ ಬಂದು ಹೇಳಿಕೆ ಬರೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ಲು ತೂಕಡಿಸುತ್ತ ಕೂತಿದ್ದ. ಅವನ ಪಕ್ಕ ನಾನು, ಮೈಯೆಲ್ಲ ಕಣ್ಣಾಗಿ!

ಮರುದಿನ ಬೆಳಿಗ್ಗೆಯಿಂದ ಭಾವ ಒಂಥರಾ ಆದ.

ಮೊದಲು ಉಸಿರು ಸಣ್ಣಗಾಯಿತು. ಮೂಳೆ ಡಾಕ್ಟರಮ್ಮ ಬಂದು ಮುಖಕ್ಕೆ ಆಕ್ಸಿಜನ್ ಹಾಕಿಸಿ, ಅವಸರವಾಗಿ ಯಾರಿಗೋ ಫೋನ್ ಮಾಡುತ್ತ ಹೋದರು. ಆಮೇಲೆ ಅವನು ಹಾಸಿಗೆಯ ಅಂಚು ಹಿಡಿದು ಕ್ರೇನಿನ ಲಿವರ್ ಎಳೆಯುವ ಹಾಗೆ ಎಳೆಯತೊಡಗಿದ. ತಂಗಿಯನ್ನು ಅವಳ ಅತ್ತೆ ಎಂದು ತಿಳಿದು, ಕೈಮುಗಿದು ಕ್ಷಮೆ ಕೇಳಿದ. ತಂಗಿ ನಕ್ಕಳು... ಆಮೇಲೆ ನಗು ನಿಲ್ಲಿಸಿದಳು. ಡಾಕ್ಟರಮ್ಮನನ್ನು ಕರೆತರುತ್ತೇನೆಂದು ಓಡಿದಳು.

ಅದೇ ಹೊತ್ತಿಗೆ ನಾನು ಕಾರಿಡಾರಿನ ತುದಿಯಲ್ಲಿ ಹಲ್ಲಿಯನ್ನು ಕಂಡೆ!

ಹಲ್ಲಿ ಅಂದರೆ ಗುತ್ತಿಗೆದಾರನ ಬಲಗೈ. ಬಿಳಿಚಿದ ಸಣಕಲು ಆಸಾಮಿ. ಎಲ್ಲಿ ನಿಂತರೂ ಗೋಡೆಗೆ ಅಂಟಿಕೊಂಡೇ ನಿಲ್ಲುತ್ತಾನೆ. ಕೈಯಲ್ಲಿ ಹಣ್ಣಿನ ಚೀಲ ಹಿಡಿದು, ರೋಗಿ ನೋಡಲು ಬಂದವನ ಹಾಗೆ ನಟಿಸುತ್ತಿದ್ದ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ನಿನ್ನೆ ನೆಟ್ಟಗಿದ್ದ ಸಾಕ್ಷಿ ಇವತ್ತು ತಡಬಡಾಯಿಸಿದರೆ, ಯಾರೋ ಅವನಿಗೆ ಏನೋ ಕೊಟ್ಟಿದ್ದಾರೆ ಎಂದೇ ಲೆಕ್ಕ. ಕಾರಣ ವಿಚಾರಿಸುತ್ತ ಕೂರುವಂತಿಲ್ಲ. ಮೊದಲು ಆಳನ್ನು ಎತ್ತಬೇಕು. ಫೋನ್ ಆಫ್ ಮಾಡಬೇಕು. ಮನೆಯವರಿಗೂ ಸುಳಿವು ಕೊಡಬಾರದು.

ಎತ್ತಿದೆ.

ಡ್ರಿಪ್ ಸೂಜಿ ಕಿತ್ತೆ. ವಿಷ ಅದರಲ್ಲೇ ಇರಬೇಕಲ್ಲ! ಆಕ್ಸಿಜನ್ ಮಾಸ್ಕ್ ಕಿತ್ತೆ. ಅದರಲ್ಲೂ ಇರಬಹುದಲ್ಲ! ಕಾಲಿನ ತೂಕ ದಾರಿಗೆ ಅಡ್ಡ ಬಂತು. ಚಾಕು ತೆಗೆದು ಹಗ್ಗ ಕುಯ್ದೆ. ಭಾವನ ಬಾಯಿಂದ ಹೊರಟ ಕೂಗನ್ನು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಕಾನ್‌ಸ್ಟೇಬಲ್ಲು ಎದ್ದು ಟೋಪಿ ಹುಡುಕುವಷ್ಟರಲ್ಲಿ ನಾನು ಮಂಚ ಸಮೇತ ಲಾಂಡ್ರಿ ಲಿಫ್ಟಿನಲ್ಲಿದ್ದೆ.

ಈಗ ಈ ವ್ಯಾನು. ಈ ಬಿಳಿ ಕಾರು.

ಒನ್‌ವೇಯಲ್ಲಿ ಎದುರು ನುಗ್ಗಿದೆ. ಕಾರೂ ನುಗ್ಗಿತು. ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಗಾಜಿನ ಮೇಲೆ ಬಿಸಿಲು ಬಿದ್ದು ಒಳಗಿನವರ ಮುಖ ಕಾಣಲಿಲ್ಲ. ಅಗೆದು ಬಿಟ್ಟಿದ್ದ ರಸ್ತೆಗೆ ವ್ಯಾನ್ ಇಳಿಸಿದೆ. ಕಾರಿನ ತಳ ಕಲ್ಲಿಗೆ ಉಜ್ಜಿದ್ದು ಕೇಳಿಸಿತು... ಆದರೂ ಬಿಡಲಿಲ್ಲ! ಎಂಥ ಹಟಮಾರಿಗಳನ್ನು ಇಟ್ಟುಕೊಂಡಿದ್ದಾನಪ್ಪಾ ಈ ಗುತ್ತಿಗೆದಾರ ಎಂದು ಮನಸ್ಸಿನಲ್ಲೇ ಭೇಷ್ ಅಂದೆ.

ಕೊನೆಗೆ ಒಂದು ಪಾರ್ಕಿಂಗ್ ಕಟ್ಟಡದೊಳಗೆ ನುಗ್ಗಿ, ಸುತ್ತು ಸುತ್ತಿ ತಾರಸಿಗೆ ಹತ್ತಿಸಿದೆ. ಎರಡು ಟೆಂಪೋಗಳ ನಡುವೆ ವ್ಯಾನ್ ತುರುಕಿ ಇಂಜಿನ್ ಆಫ್ ಮಾಡಿದೆ. ಬಿಳಿ ಕಾರು ಬುಸುಗುಡುತ್ತ ಮೇಲೆ ಬಂದು ನಮ್ಮನ್ನು ದಾಟಿತು. ಅದು ತಿರುಗುವಷ್ಟರಲ್ಲಿ ನಾನು ಇನ್ನೊಂದು ಇಳಿಜಾರಿನಿಂದ ಕೆಳಗಿಳಿದು ಮಾಯ!

ಏನು ಡ್ರೈವಿಂಗ್! ಪೊಲೀಸರ ತರಬೇತಿಯಲ್ಲಿ ತೋರಿಸಬೇಕಾದ ಡ್ರೈವಿಂಗ್!

"ನೋಡಿದ್ಯಾ ಭಾವ," ಎಂದೆ.



ಆಗ ಹೊಳೆಯಿತು. ಮೊದಲ ಹಂಪಿಗೆ ಅವನು ಕಿರುಚಿದ್ದ. ಮುಂದಿನದಕ್ಕೆ ನರಳಿದ್ದ. ಆಮೇಲೆ ಎಷ್ಟೋ ಹಂಪು, ಎಷ್ಟೋ ಗುಂಡಿ...

ಒಂದು ಸದ್ದೂ ಬಂದಿರಲಿಲ್ಲ.



ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರ ಕೀಲಿ ನನ್ನ ಬಳಿ ಸದಾ ಇರುತ್ತದೆ. ಒಳಗೆ ತುಕ್ಕು ಹಿಡಿದ ಅಚ್ಚುಗಳು, ಒಡೆದ ಪೈಪುಗಳು, ತೇವದ ವಾಸನೆ. ವ್ಯಾನನ್ನು ಒಳಕ್ಕೇ ತಂದು ಶಟರ್ ಎಳೆದೆ. ಬ್ಯಾಟರಿ ಹಿಡಿದು ಭಾವನ ಮುಖ ನೋಡಿದೆ.

ತುಟಿ ನೀಲಿಗಟ್ಟಿತ್ತು. ಓಡಿ ಬಂದ ನಾಯಿಯ ಹಾಗೆ ಉಸಿರಾಡುತ್ತಿದ್ದ. ಕಣ್ಣುಗಳು ಅರ್ಧ ತೆರೆದಿದ್ದವು, ಆದರೆ ಬೆಳಕು ಹಾಯಿಸಿದರೂ ಅತ್ತ ತಿರುಗುತ್ತಿರಲಿಲ್ಲ. ಅಂಗಿ ಬಿಚ್ಚಿದೆ. ಎದೆಯ ಮೇಲೆ, ಕಂಕುಳಲ್ಲಿ... ಕೆಂಪು ಚುಕ್ಕಿಗಳು! ಸೂಜಿಮೊನೆಯಿಂದ ಚುಚ್ಚಿ ಚುಚ್ಚಿ ಇಟ್ಟ ಹಾಗೆ! ಕೆಳರೆಪ್ಪೆ ಎಳೆದು ನೋಡಿದರೆ ಅಲ್ಲೂ ಅದೇ!

ಗುದ್ದಾಡಲು ಎದುರಿಗೆ ಒಬ್ಬ ಮನುಷ್ಯ ಬೇಕು ಕಣ್ರೀ. ಇಲ್ಲಿ ಯಾರ ಕತ್ತು ಹಿಡಿಯಲಿ? ನನ್ನ ಕಣ್ಣೆದುರೇ ಇವನನ್ನು ಯಾರೋ ಕೊಲ್ಲುತ್ತಿದ್ದಾರೆ, ಆದರೆ ಆ ಯಾರೋ ಕಾಣಿಸುತ್ತಿಲ್ಲ. ನೆಲದ ಮೇಲೆ ಕುಸಿದು ಕೂತೆ. ಕೂತದ್ದು ಕಾರ್ಯತಂತ್ರಕ್ಕಾಗಿ ಎಂದು ಬೇರೆಯವರಿಗೆ ಹೇಳುತ್ತೇನೆ, ನಿಮಗೆ ಹೇಳುವುದಿಲ್ಲ.

ಯಾವ ವಿಷಕ್ಕೆ ಮೈಯಲ್ಲಿ ಕೆಂಪು ಚುಕ್ಕಿ ಏಳುತ್ತದೆ? ಯಾರನ್ನಾದರೂ ಕೇಳಲೇಬೇಕಿತ್ತು. ರೂಢಿ ಮುರಿದೆ. ಫೋನ್ ಆನ್ ಮಾಡಿದೆ.

ಆನ್ ಆದದ್ದೇ ತಡ, ತಂಗಿಯ ಕರೆ. ಆಸ್ಪತ್ರೆಯಲ್ಲಿ ಅವಳ ಕತ್ತಿಗೆ ಚಾಕು ಹಿಡಿದು ಮಾತಾಡಿಸುತ್ತಿರಬಹುದು ಎಂದು ಒಂದು ಕ್ಷಣ ಅನುಮಾನಪಟ್ಟೆ. ಅವಳು ಬಾಯಿ ತೆರೆದಳು. ಅನುಮಾನ ಹೋಯಿತು. ಕತ್ತಿಗೆ ಚಾಕು ಹಿಡಿಸಿಕೊಂಡವರು ಹಾಗೆ ಬೈಯುವುದಿಲ್ಲ. ನಮ್ಮ ತಾತನಿಂದ ಹಿಡಿದು ನನ್ನ ಮೀಸೆಯವರೆಗೆ ಯಾವುದನ್ನೂ ಅವಳು ಬಿಡಲಿಲ್ಲ. ಕೊನೆಗೆ ದನಿ ಒಡೆಯಿತು.

"ಬಿಳಿ ಕಾರಲ್ಲಿ ಬಂದಿದ್ದು ನಾವು ಅಣ್ಣ. ನಾನೂ ಡಾಕ್ಟ್ರೂ. ಸೀಟಿನ ಮೇಲೆ ಆಕ್ಸಿಜನ್ ಇಟ್ಕೊಂಡು ಬಂದಿದ್ವಿ. ನೀನು... ನೀನು ನಮ್ಮನ್ನ ತಪ್ಪಿಸ್ಕೊಂಡು ಹೋದೆ."

ಬೆನ್ನಟ್ಟುವ ಕೊಲೆಗಾರ ಹಾರ್ನ್ ಹೊಡೆಯುವುದಿಲ್ಲ. ಇದು ಕಸುಬಿನ ಮೊದಲ ಪಾಠ. ನಾನೇ ಹತ್ತಾರು ಜನಕ್ಕೆ ಹೇಳಿಕೊಟ್ಟದ್ದು!

ಡಾಕ್ಟರಮ್ಮ ಫೋನ್ ಇಸಿದುಕೊಂಡರು. ಅವರು ಬೈಯಲಿಲ್ಲ. ಅದೇ ಇನ್ನೂ ಭಯ ಹುಟ್ಟಿಸಿತು.

"ಎದೆ ಮೇಲೆ ಕೆಂಪು ಚುಕ್ಕಿ ಇದೆಯಾ?"

ನಾನಿನ್ನೂ ಹೇಳಿಯೇ ಇರಲಿಲ್ಲ!

"ಕಂಕುಳಲ್ಲೂ ಇದೆ. ಕಣ್ಣಲ್ಲೂ ಇದೆ. ಯಾವ ವಿಷ ಡಾಕ್ಟ್ರೇ ಇದು?"

"ಯಾರೂ ವಿಷ ಹಾಕಿಲ್ಲ. ಅದು ಅವರ ಮೂಳೆಯೊಳಗಿನ ಕೊಬ್ಬು."

"ಕೊಬ್ಬಾ?"

"ದೊಡ್ಡ ಮೂಳೆ ಮುರಿದಾಗ ಒಳಗಿನ ಮಜ್ಜೆಯಿಂದ ಕೊಬ್ಬು ಹನಿಹನಿಯಾಗಿ ರಕ್ತಕ್ಕೆ ಸೇರುತ್ತೆ. ಮೊದಲು ಶ್ವಾಸಕೋಶದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದನ್ನ ದಾಟಿದ್ದು ಮೆದುಳಿಗೆ ಹೋಗುತ್ತೆ. ಒಂದೆರಡು ದಿನ ಚೆನ್ನಾಗೇ ಇರ್ತಾರೆ, ಆಮೇಲೆ ಇದ್ದಕ್ಕಿದ್ದ ಹಾಗೆ ಹೀಗೆ. ಬೆಳಿಗ್ಗೆನೇ ನನಗೆ ಅನುಮಾನ ಬಂತು. ಆಪರೇಷನ್ನಿಗೆ, ಐಸಿಯುಗೆ ಫೋನ್ ಮಾಡ್ತಾ ಇದ್ದೆ."

ಅದಕ್ಕೆ ಔಷಧಿ ಹೇಳಿ, ಯಾವ ಅಂಗಡಿಯ ಬೀಗ ಒಡೆದಾದರೂ ತರುತ್ತೇನೆ ಎಂದೆ.

"ಅದನ್ನ ಕರಗಿಸೋ ಔಷಧಿ ಇಲ್ಲ. ಆಕ್ಸಿಜನ್ ಕೊಟ್ಟು ಉಸಿರು ಉಳಿಸ್ಬೇಕು. ಮೂಳೆ ಅಲ್ಲಾಡದ ಹಾಗೆ ಇಡ್ಬೇಕು. ಅಲ್ಲಾಡಿದಷ್ಟೂ ಇನ್ನಷ್ಟು ಕೊಬ್ಬು." ಆಮೇಲೆ ಕೇಳಿದರು. "ಕಾಲಿನ ತೂಕ ಹೇಗೆ ತೆಗೆದ್ರಿ?"

"ಹಗ್ಗ ಕುಯ್ದೆ."

ಅತ್ತ ಕಡೆಯಿಂದ ಮಾತೇ ಬರಲಿಲ್ಲ. ಎಷ್ಟೋ ರೌಡಿಗಳು ನನಗೆ ಬೆದರಿಕೆ ಹಾಕಿದ್ದಾರೆ. ಆ ಮೌನದಷ್ಟು ದೊಡ್ಡ ಬೆದರಿಕೆ ಯಾವನೂ ಹಾಕಿಲ್ಲ!

ವಿಳಾಸ ಹೇಳಿದೆ. ಅವನನ್ನು ಮುಟ್ಟದೆ, ಕಾಲುಗಳ ಎರಡೂ ಬದಿಗೆ ಬಟ್ಟೆಯ ಮೂಟೆ ಒತ್ತಿ ಕೂರುವಂತೆ ಡಾಕ್ಟರಮ್ಮ ಹೇಳಿದರು. ಕೂತೆ. ಭಾವನ ಮುಖದ ಬಳಿ ಕಿವಿಯಿಟ್ಟು ಒಂದೊಂದು ಉಸಿರನ್ನೂ ಕಾದೆ. ಒಂದು ಬಂತು ಅಂದರೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಪ್ರಾಣ ಬಾಯಿಗೆ ಬರುತ್ತಿತ್ತು. ನಡುವೆ ಒಮ್ಮೆ ಅವನ ಎಡಗೈ ಬಿಗಿದು ಸೆಟೆದುಕೊಂಡಿತು. ಬಿಟ್ಟಿತು. ಮತ್ತೆ ಸೆಟೆಯಿತು. ನಾನು ಆ ಕೈ ಹಿಡಿದುಕೊಂಡು, ಅವನ ಮದುವೆಯಲ್ಲಿ ನಾನೇ ಅವನ ಚಪ್ಪಲಿ ಬಚ್ಚಿಟ್ಟದ್ದು ಎಂದು ಒಪ್ಪಿಕೊಂಡೆ.

ಶಟರ್ ಬಡಿದ ಸದ್ದಾಯಿತು.

ಡಾಕ್ಟರಮ್ಮ ಸಿಲಿಂಡರ್ ಹೊತ್ತು ಒಳಗೆ ಓಡಿದರು. ಹಿಂದೆ ತಂಗಿ, ತೊಡೆಯುದ್ದದ ಕಟ್ಟುಪಟ್ಟಿಗಳನ್ನು ತಬ್ಬಿಕೊಂಡು. ಆಂಬುಲೆನ್ಸ್ ಹೊರಟಿದೆ, ದಾರಿಯಲ್ಲಿದೆ ಎಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ. ಮಾಸ್ಕ್ ಮುಖಕ್ಕೇರಿತು. ಬುಸ್ಸೆಂದು ಗಾಳಿ ಹರಿಯಿತು. ಭಾವನ ತುಟಿಯ ನೀಲಿ ಒಂದು ಎಳೆ ಕಡಿಮೆಯಾಯಿತೋ, ನನ್ನ ಆಸೆಯೋ...

ಆಗ ಹೊರಗೆ ಇನ್ನೊಂದು ಗಾಡಿ ನಿಂತಿತು.

ಅದು ಆಂಬುಲೆನ್ಸ್ ಅಲ್ಲ!

ನಾನು ತಪ್ಪಿಸಿಕೊಂಡದ್ದು ನಿಜ. ಆದರೆ ಡಾಕ್ಟರಮ್ಮನ ಕಾರು ಯಾರಿಂದಲೂ ತಪ್ಪಿಸಿಕೊಂಡಿರಲಿಲ್ಲ. ಅದರ ಬಾಲ ಹಿಡಿದು ಒಂದು ಜೀಪು ಬಂದಿತ್ತು. ಎತ್ತಿದ ಶಟರಿನ ಕೆಳಗಿಂದ ಹಲ್ಲಿ ನುಸುಳಿದ. ಹಿಂದೆ ಕಂಬದಂಥ ಇಬ್ಬರು, ಕೈಯಲ್ಲಿ ಕಬ್ಬಿಣದ ಸರಳು.

ನಾನು ಎದ್ದು ಅಡ್ಡ ನಿಂತೆ. ಬೇರೆ ದಿನವಾಗಿದ್ದರೆ ಮೂವರನ್ನೂ ಹೆಣೆದು ಜಡೆ ಹಾಕುತ್ತಿದ್ದೆ. ಆದರೆ ನನ್ನ ಹಿಂದೆ ತಂಗಿ ಇದ್ದಳು. ಒಂದು ಸಿಲಿಂಡರು ಇತ್ತು. ಒಂದು ನೂಕಾಟ ಸಾಕಿತ್ತು ಎಲ್ಲ ಮುಗಿಯಲು.

ಹಲ್ಲಿಗೆ ಅವಸರವೇ ಇರಲಿಲ್ಲ. ಗೋಡೆಗೆ ಒರಗಿ, ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ಏನಪ್ಪಾ ಕ್ರೇನು. ನಾನ್ಯಾರು ಹೇಳು," ಎಂದು ಭಾವನನ್ನು ಕೇಳಿದ.

ಭಾವನ ಕಣ್ಣು ಚಾವಣಿಯ ಮೇಲೆಲ್ಲೋ ಇತ್ತು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು.

"ಏನಾಗಿದೆ ಇವನಿಗೆ?" ಹಲ್ಲಿ ಡಾಕ್ಟರಮ್ಮನ ಕಡೆ ತಿರುಗಿದ.

ಡಾಕ್ಟರಮ್ಮ ತಲೆ ಎತ್ತಲೂ ಇಲ್ಲ. ಕಾಲಿಗೆ ಪಟ್ಟಿ ಬಿಗಿಯುತ್ತಲೇ ಹೇಳಿದರು. "ಮೆದುಳಿಗೆ ಕೊಬ್ಬು ನುಗ್ಗಿದೆ. ರಕ್ತ ಹೋಗೋ ದಾರಿಯೆಲ್ಲ ಮುಚ್ಚಿಹೋಗಿದೆ. ಬದುಕೋದೇ ಕಷ್ಟ. ಬದುಕಿದ್ರೂ ಹೆಂಡತಿ ಯಾರು, ತಾನ್ಯಾರು ಅನ್ನೋದೂ ಗೊತ್ತಾಗಲ್ಲ. ಕೂಸಿನ ಹಾಗೆ ಮಲಗಿರ್ತಾರೆ ಅಷ್ಟೇ."

ತಂಗಿಯ ಗಂಟಲಿನಿಂದ ಹೊರಟ ಸದ್ದು ಆ ಖಾಲಿ ಫ್ಯಾಕ್ಟರಿಯ ತಗಡು ತಗಡಿಗೂ ಬಡಿಯಿತು. ನಟಿಸಿ ಬರಿಸಬಲ್ಲ ಸದ್ದಲ್ಲ ಅದು.

ಹಲ್ಲಿ ಆ ಅಳುವನ್ನು ತೂಗಿ ನೋಡಿದ. ಭಾವನನ್ನು ನೋಡಿದ. ಆಮೇಲೆ ಸರಳಿನವರಿಗೆ ಹೊರಡುವಂತೆ ಸನ್ನೆ ಮಾಡಿ, ನನ್ನ ಅಂಗಿಯ ಕಾಲರ್ ಸರಿಮಾಡಿದ.

"ಆಸ್ಪತ್ರೆಲಿ ಇವನ ಹತ್ರ ಬಿಡ್ತಾನೇ ಇರ್ಲಿಲ್ಲ ನಮ್ಮನ್ನ. ನೀನೇ ಮುಗಿಸ್ಕೊಟ್ಟೆ. ಥ್ಯಾಂಕ್ಸ್ ಗುರುವೇ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಂಥ ಏಟು ಕೊಟ್ಟಿಲ್ಲ. ಅದಕ್ಕೆ ಸರಳೂ ಬೇಕಾಗಲಿಲ್ಲ.

ಆಂಬುಲೆನ್ಸಿನಲ್ಲಿ ಡಾಕ್ಟರಮ್ಮ ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದರಲ್ಲಿ ಉಸಿರು ತುಂಬುವ ಗಾಳಿಚೀಲ ಒತ್ತುತ್ತಿದ್ದರು. ಡ್ರೈವರ್ ಒಂದೊಂದು ಹಂಪನ್ನೂ ಗಾಜಿನ ಮೇಲೆ ನಡೆದ ಹಾಗೆ ದಾಟಿಸಿದ. ತಂಗಿ ಗಂಡನ ಹಣೆ ಸವರುತ್ತ, ಇನ್ಮೇಲೆ ನನ್ನ ಗುರುತೂ ಸಿಗಲ್ವಾ ಇವರಿಗೆ ಎಂದು ಕೇಳಿದಳು.

"ಯಾರು ಹೇಳಿದ್ದು?" ಎಂದರು ಡಾಕ್ಟರಮ್ಮ.

"ನೀವೇ ತಾನೆ..."

"ಅದು ಅವನಿಗೆ ಹೇಳಿದ್ದು. ಈ ಕಾಯಿಲೆಯಿಂದ ಪಾರಾದ ಎಷ್ಟೋ ಜನಕ್ಕೆ ಎಲ್ಲ ವಾಪಸ್ ಬಂದಿದೆ. ಪಾರಾಗ್ಬೇಕು, ಅಷ್ಟೇ." ಚೀಲ ಒತ್ತಿದರು. "ಪಾರಾಗ್ತಾರೋ ಇಲ್ವೋ, ಅದನ್ನ ಮಾತ್ರ ನಾನು ಯಾರಿಗೂ ಈಗಲೇ ಹೇಳಲ್ಲ. ನಿಮಗೂ."

ಆಮೇಲಿನ ದಿನಗಳನ್ನು ಗಾಜಿನ ಆಚೆಯಿಂದ ನೋಡಿದೆ. ಯಂತ್ರ ಉಸಿರಾಡುತ್ತಿತ್ತು, ಭಾವನ ಎದೆ ಅದು ಹೇಳಿದಂತೆ ಕೇಳುತ್ತಿತ್ತು. ಕಾಲುಗಳೊಳಗೆ ರಾಡು ಕೂರಿಸಿದರು. ಮೆದುಳಿನ ಹೊಸ ಸ್ಕ್ಯಾನ್ ಬಂತು. ಕಪ್ಪು ಹಾಳೆಯ ತುಂಬ ಬಿಳಿ ಚುಕ್ಕಿ, ಅಮಾವಾಸ್ಯೆಯ ಆಕಾಶವನ್ನೇ ತಲೆಯೊಳಗೆ ಮಡಚಿಟ್ಟ ಹಾಗೆ! ಒಂದೊಂದು ಚುಕ್ಕಿಯೂ ಒಂದೊಂದು ಹನಿ ಕೊಬ್ಬು ದಾರಿ ಕಟ್ಟಿದ ಜಾಗವಂತೆ. ಅವುಗಳಲ್ಲಿ ಎಷ್ಟು ಲಾರಿಯವು, ಎಷ್ಟು ನನ್ನ ಹಂಪುಗಳವು? ಕೇಳುವ ಧೈರ್ಯ ನನಗಿರಲಿಲ್ಲ. ಗುತ್ತಿಗೆದಾರ ಸಾಂತ್ವನಕ್ಕೆಂದು ಹೂಗುಚ್ಛ ಕಳಿಸಿದ. ತಂಗಿ ಅದನ್ನು ನೀರಿನಲ್ಲಿಟ್ಟು ಕಾಪಾಡಿದಳು, ಅವನ ಕಡೆಯವರು ಬಂದು ನೋಡಿ, ಭಾವನ ಕಥೆ ಮುಗಿಯಿತೆಂದೇ ನಂಬಿಕೊಂಡು ಹೋಗಲಿ ಎಂದು. ನನ್ನೊಂದಿಗೆ ಮಾತ್ರ ಮಾತಿಲ್ಲ.

ಯಂತ್ರ ತೆಗೆದ ಮೇಲೂ ಭಾವ ಸುಮ್ಮನೆ ಮಲಗಿದ್ದ. ಕರೆದರೆ ನೋಡುತ್ತಿದ್ದ. ನೋಡಿ ಬಿಟ್ಟುಬಿಡುತ್ತಿದ್ದ. ಡಾಕ್ಟರಮ್ಮ ಹಲ್ಲಿಗೆ ಹೇಳಿದ್ದು ಸುಳ್ಳಾಗಲಿ ಎಂದು ನಾನು ಬೇಡಿಕೊಳ್ಳದ ಗೋಡೆಯಿಲ್ಲ. ಒಂದು ಮಧ್ಯಾಹ್ನ ತಂಗಿ ಅವನಿಗೆ ಗಂಜಿ ಕುಡಿಸುತ್ತಿದ್ದಾಗ, ಕುಡಿಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದ.

"ಕ್ರೇನಿನ ಕೊಕ್ಕೆ ಮೇಲೆತ್ತದೇ ಬಂದ್ಬಿಟ್ಟೆ ಕಣೇ," ಎಂದ. "ಗಾಳಿ ಬಂದ್ರೆ ಯಾರ ತಲೆಗಾದ್ರೂ ಬಡಿಯುತ್ತೆ." ಆಮೇಲೆ ಮೆಲ್ಲಗೆ, "ಗುಂಡಿಯೊಳಗೆ ಇಂಜಿನಿಯರಿದ್ರು. ಕೈ ಎತ್ತಿದ್ರು. ನಾನು ಮೇಲಿಂದ ಕೂಗಿದೆ... ಯಾರಿಗೂ ಕೇಳಿಸ್ಲಿಲ್ಲ."

ತಂಗಿ ಬಟ್ಟಲು ಕೆಳಗಿಟ್ಟಳು. ನಾನು ಮುಖ ತಿರುಗಿಸಿದೆ. ಕಣ್ಣಿಗೆ ಧೂಳು ಬಿದ್ದಿತ್ತು. ಐಸಿಯುಗಳಲ್ಲಿ ಭಾರಿ ಧೂಳು!

ಮ್ಯಾಜಿಸ್ಟ್ರೇಟರು ಸದ್ದಿಲ್ಲದೆ ಬಂದರು. ಭಾವ ನಿಧಾನವಾಗಿ, ಪದಗಳನ್ನು ಒಂದೊಂದಾಗಿ ಎತ್ತಿಡುತ್ತ, ಎಲ್ಲ ಹೇಳಿದ. ಹೊತ್ತು ಮುಳುಗುವುದರೊಳಗೆ ಪೊಲೀಸರು ಪಾಯದ ಕಾಂಕ್ರೀಟ್ ಒಡೆದರು. ಗುತ್ತಿಗೆದಾರನಿಗೆ ಕೋಳ ಬಿತ್ತು, ಹಲ್ಲಿಯನ್ನು ಯಾವುದೋ ಗೋಡೆಯಿಂದ ಕೆರೆದು ತೆಗೆದರು.

ಹೇಳಿಕೆಗೆ ಸಹಿ ಆದ ಮೇಲೆ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ಆಸ್ಪತ್ರೆಯಿಂದ ಯಾರೋ ನಿಮ್ಮನ್ನು ಹೊತ್ತುಕೊಂಡು ಹೋಗಿ ಸಾವಿನ ಅಂಚಿಗೆ ತಳ್ಳಿದರಂತಲ್ಲ, ಆ ಬಗ್ಗೆಯೂ ದೂರು ಕೊಡುತ್ತೀರಾ ಎಂದು ಕೇಳಿದರು.

ನಾನು ಬಾಗಿಲ ಬಳಿ ನಿಂತಿದ್ದೆ. ಭಾವ ನನ್ನನ್ನು ನೋಡಿದ. ತಂಗಿಯೂ ನೋಡಿದಳು, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ. ಆ ನೋಟದಲ್ಲಿ ಇಡೀ ಐಸ್ ಫ್ಯಾಕ್ಟರಿ ಇತ್ತು.

"ಬೇಡ ಸಾರ್," ಎಂದ ಭಾವ. "ಅದು ಮನೆ ವಿಷಯ. ಅವನ ಶಿಕ್ಷೆ ನನ್ನ ಹೆಂಡ್ತಿ ನೋಡ್ಕೋತಾಳೆ."

ಗುತ್ತಿಗೆದಾರನ ವಕೀಲ ಜಾಮೀನಿಗೆ ಅರ್ಜಿ ಹಾಕಿದ್ದಾನಂತೆ.

ಪುಣ್ಯವಂತ... ಅವನಿಗೆ ಅರ್ಜಿ ಹಾಕಲು ಒಂದು ಕೋರ್ಟಾದರೂ ಇದೆ!